ಕೆಂಪು ಲೇಸರ್ ಇಟ್ರೆ ಹಸಿರಿನ ತರಂಗಾಂತರ ಬರ್ತಿದೆ, ಡಬಲ್ ಸ್ಲಿಟ್‌ನಲ್ಲಿ ಏನು ಎಡವಟ್ಟು?

ಗೆರೆಗಾರ:
ಡಬಲ್ ಸ್ಲಿಟ್ (ಪಕ್ಕಪಕ್ಕ ಎರಡು ಸಣ್ಣ ಸೀಳಿರೋ ಸ್ಲೈಡ್) ಇಟ್ಕೊಂಡು ಲೇಸರ್ ಪಾಯಿಂಟರ್‌ನ ತರಂಗಾಂತರ ಅಳೀತಿದೀನಿ. ಪಾಯಿಂಟರ್ ಮೇಲೆ 650 ನ್ಯಾನೋಮೀಟರ್ ಅಂತಿದೆ, ಸ್ಲೈಡ್ ಮೇಲೆ ಸೀಳಿನ ಅಗಲ 0.05 ಮಿ.ಮೀ., ಅಂತರ 0.25 ಮಿ.ಮೀ. ಅಂತ ಬರೆದಿದೆ, ಸ್ಲಿಟ್‌ನಿಂದ ಸ್ಕ್ರೀನ್‌ಗೆ 2 ಮೀಟರ್. ಲೆಕ್ಕದ ಪ್ರಕಾರ (ತರಂಗಾಂತರ × ಸ್ಕ್ರೀನ್ ದೂರ ÷ ಸೀಳುಗಳ ಅಂತರ) ಫ್ರಿಂಜ್ ಅಗಲ, ಅಂದ್ರೆ ಒಂದು ಬೆಳಕಿನ ಗೆರೆಯಿಂದ ಮುಂದಿನದಕ್ಕೆ ಇರೋ ದೂರ, 5.2 ಮಿ.ಮೀ. ಬರ್ಬೇಕು, ಆದ್ರೆ ಬರ್ತಿರೋದು 4.3, ಅದನ್ನ ವಾಪಸ್ ಫಾರ್ಮುಲಾಗೆ ಹಾಕಿದ್ರೆ ಸುಮಾರು 540 ನ್ಯಾನೋಮೀಟರ್, ಅಂದ್ರೆ ಹಸಿರು! ಕಣ್ಣಿಗೆ ಕಾಣ್ತಿರೋದು ಅಪ್ಪಟ ಕೆಂಪು. ಇನ್ನೊಂದು, ಮೊಬೈಲಲ್ಲಿ ಫೋಟೋ ತೆಗ್ದು ಗ್ರಾಫ್ ಹಾಕಿದ್ರೆ ನಡುವಿನ ಗೆರೆಗಳ ತಲೆ ಎಲ್ಲಾ ಚಪ್ಪಟೆ ಬರ್ತಿದೆ. ಎಲ್‌ಡಿಆರ್ (ಬೆಳಕು ಬಿದ್ರೆ ರೋಧ ಕಡಿಮೆ ಆಗೋ ಸೆನ್ಸರ್) ಹಾಕಿ ಅಳೆದ್ರೆ ಸರಿಹೋಗುತ್ತಾ?

ಫೋಟಾನ್ ಪುಟ್ಟ:
4.3 ಹೇಗೆ ಬಂತು, ಒಂದೇ ಗೆರೆ ಅಳೆದ್ರಾ? ಮತ್ತೆ ನಡುವಿನ ಗೆರೆ ಬಿಟ್ಟು ಆಕಡೆ ಈಕಡೆ ಎಷ್ಟು ಗೆರೆ ಆದ್ಮೇಲೆ ಮಂಕಾಗುತ್ತೆ ಅಂತ ಎಣಿಸಿ ಹೇಳಿ.

ಗೆರೆಗಾರ:
ಒಂದೇ ಅಲ್ಲ ಸರ್, ಎಡಗಡೆ ಐದನೇದರಿಂದ ಬಲಗಡೆ ಐದನೇದರವರೆಗೆ ಅಳೆದು ಹತ್ತರಿಂದ ಭಾಗಿಸಿದ್ದು, ಒಟ್ಟು 43 ಮಿ.ಮೀ. ಎರಡೂ ಕಡೆ ಐದು ಗೆರೆ ಕಾಣುತ್ತೆ, ಆರನೇದು ಇರ್ಬೇಕಾದ ಜಾಗ ಕತ್ತಲು, ಅದಾದ್ಮೇಲೆ ಮತ್ತೆ ತೆಳ್ಳಗೆ ಶುರುವಾಗುತ್ತೆ.

ಫೋಟಾನ್ ಪುಟ್ಟ:
ಹಾಗಾದ್ರೆ ಉತ್ತರ ಅಲ್ಲೇ ಇದೆ. ಒಂದೊಂದು ಸೀಳೂ ತನ್ನ ಪಾಡಿಗೆ ವಿವರ್ತನೆ ಮಾಡುತ್ತೆ, ಅಂದ್ರೆ ಬೆಳಕನ್ನ ಹರಡುತ್ತೆ, ಆ ಸಿಂಗಲ್ ಸ್ಲಿಟ್ ಪ್ಯಾಟರ್ನ್ ಸೊನ್ನೆ ಆಗೋ ಜಾಗದಲ್ಲಿ ಫ್ರಿಂಜ್ ಬರ್ಬೇಕಾಗಿದ್ರೂ ಅದು ಮಾಯ ಆಗುತ್ತೆ, ಮಿಸ್ಸಿಂಗ್ ಆರ್ಡರ್ ಅಂತಾರಲ್ಲ ಅದೇ. ಎಷ್ಟನೇದು ಮಾಯ ಆಗುತ್ತೆ ಅನ್ನೋದು ಸೀಳುಗಳ ಅಂತರವನ್ನ ಸೀಳಿನ ಅಗಲದಿಂದ ಭಾಗಿಸಿದ್ರೆ ಸಿಗುತ್ತೆ. ಅಂತರ ನಿಜವಾಗ್ಲೂ 0.25 ಆಗಿದ್ರೆ ಐದನೇದೇ ಮಾಯ ಆಗ್ಬೇಕಿತ್ತು. ನಿಮ್ದು ಆರನೇದು, ಅಂದ್ರೆ ಅಂತರ 0.30. ಸ್ಲೈಡ್ ಮೇಲಿನ 0.25 ಬಹುಶಃ ಎರಡು ಸೀಳಿನ ಮಧ್ಯೆ ಇರೋ ಕಪ್ಪು ಪಟ್ಟಿಯ ಅಗಲ, ಫಾರ್ಮುಲಾಗೆ ಬೇಕಾಗಿರೋದು ಒಂದರ ನಡುವಿನಿಂದ ಇನ್ನೊಂದರ ನಡುವಿಗೆ. 0.30 ಹಾಕಿ ನೋಡಿ, 645 ಬರುತ್ತೆ.

ಲ್ಯಾಬ್ ಲಕ್ಕಿ:
ಲೇಬಲ್ ನಂಬಿ ಕೂರೋದಕ್ಕಿಂತ ನೇರವಾಗಿ ಅಳೆಯೋದು ವಾಸಿ. ಟ್ರಾವೆಲಿಂಗ್ ಮೈಕ್ರೋಸ್ಕೋಪ್ ಇಲ್ದಿದ್ರೆ 10 ಸೆಂ.ಮೀ. ಫೋಕಸ್‌ನ ಪೀನ ಮಸೂರ ಸ್ಲಿಟ್‌ನ ಮುಂದೆ ಇಟ್ಟು, ಮಸೂರದಿಂದ 2 ಮೀಟರ್ ದೂರದ ಸ್ಕ್ರೀನ್ ಮೇಲೆ ಸೀಳುಗಳ ಬಿಂಬ ಚೂಪಾಗೋ ತನಕ ಹಿಂದೆ ಮುಂದೆ ಸರಿಸಿ. 19 ಪಟ್ಟು ದೊಡ್ಡದಾಗಿ ಕಾಣುತ್ತೆ, 0.30 ಇದ್ರೆ 5.7 ಮಿ.ಮೀ., 0.25 ಇದ್ರೆ 4.75, ಸ್ಕೇಲಲ್ಲೇ ಗೊತ್ತಾಗುತ್ತೆ. ಇನ್ನು ಅಗ್ಗದ ಪಾಯಿಂಟರ್ ಮೇಲೆ 650 ಅಂತಿದ್ರೂ ಹತ್ತು ನ್ಯಾನೋಮೀಟರ್ ಆಚೀಚೆ ಇರ್ಬೋದು, 645 ಬಂದ್ರೆ ತಲೆ ಕೆಡಿಸ್ಕೋಬೇಡಿ. ಪಕ್ಕಾ ಬೇಕು ಅಂದ್ರೆ ಹೀಲಿಯಂ ನಿಯಾನ್ ಲೇಸರ್ ಹಿಡೀರಿ, ಅದರದ್ದು 632.8, ಅಲ್ಲಾಡಲ್ಲ.

ಕತ್ತಲೆಕೋಣೆ:
ಫೋಟೋ ವಿಷ್ಯ ಯಾರೂ ಹೇಳ್ಲಿಲ್ಲ. ತಲೆ ಚಪ್ಪಟೆ ಆಗೋದು ಸೆನ್ಸರ್ ತುಂಬಿ ತುಳುಕ್ತಿರೋದಕ್ಕೆ, ಫೋಟೋದ ಕೆಂಪು ಬಣ್ಣದ ಅಂಕಿ ಗರಿಷ್ಠ 255ಕ್ಕೆ ಹೋಗಿ ನಿಂತಿರುತ್ತೆ, ಎಕ್ಸ್‌ಪೋಶರ್ ಇಳಿಸಿ, ಆಟೋ ಮೋಡ್ ಅಂತೂ ಬೇಡ್ವೇ ಬೇಡ. ಸ್ಕೇಲ್‌ನ ಸ್ಕ್ರೀನಿಗೆ ಅಂಟಿಸಿ ಅದೂ ಫೋಟೋದಲ್ಲಿ ಬರೋ ಹಾಗೆ ನೇರ ಎದುರಿಂದ ತೆಗೀರಿ, ಓರೆಯಾದ್ರೆ ಒಂದು ಕಡೆ ಗೆರೆ ಹತ್ತಿರ ಇನ್ನೊಂದು ಕಡೆ ದೂರ ಕಾಣುತ್ತೆ. ಆದ್ರೆ ಜೆಪೆಗ್‌ನಲ್ಲಿರೋ ಅಂಕಿ ಬೆಳಕಿನ ತೀವ್ರತೆಗೆ ನೇರ ಅನುಪಾತದಲ್ಲಿ ಇರಲ್ಲ, ಗೆರೆಗಳ ಜಾಗ ಅಳೆಯೋಕೆ ಓಕೆ, ಯಾವ ಗೆರೆ ಎಷ್ಟು ಪ್ರಖರ ಅಂತ ಹೇಳೋಕೆ ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸೋ ಸೆನ್ಸರ್ ಅಂಕಿ) ಬೇಕು. ಎಲ್‌ಡಿಆರ್ ಬಿಡಿ, ಅದರ ಪ್ರತಿಕ್ರಿಯೆ ಲೀನಿಯರ್ ಅಲ್ಲ, ನಿಧಾನ ಬೇರೆ. ಫೋಟೋಡಯೋಡ್‌ನ (ಬೆಳಕನ್ನ ಕರೆಂಟ್ ಮಾಡೋ ಡಯೋಡ್) ರಿವರ್ಸ್ ಬಯಾಸ್‌ನಲ್ಲಿ, ಅಂದ್ರೆ ವೋಲ್ಟೇಜ್ ಉಲ್ಟಾ ಕೊಟ್ಟು, ಹಾಕಿ, ಮುಂದೆ 0.4 ಮಿ.ಮೀ. ಗಿಂತ ಅಗಲ ಇಲ್ಲದ ಸೀಳು ಕೊಡಿ, ಇಲ್ಲಾಂದ್ರೆ ಕತ್ತಲೆ ಗೆರೆ ಮೇಲಿದ್ದಾಗ್ಲೂ ಪಕ್ಕದ ಬೆಳಕು ಸೇರ್ಕೊಂಡು ಕನಿಷ್ಠ ಮೇಲೇಳುತ್ತೆ. ಲೇಸರ್ ಮುಚ್ಚಿ ಒಂದು ರೀಡಿಂಗ್ ತಗೊಂಡು ಎಲ್ಲದರಿಂದ ಕಳೆಯೋದು ಮರೀಬೇಡಿ.

ಗೆರೆಗಾರ:
ಮಸೂರ ಸಿಕ್ತು, ಬಿಂಬ 5.6ರಿಂದ 5.8 ಒಳಗೆ ಬರ್ತಿದೆ, ಅಂಚು ಸ್ವಲ್ಪ ಮಸುಕು. ಎಕ್ಸ್‌ಪೋಶರ್ ಇಳಿಸಿದ್ಮೇಲೆ ನಡುವಿನ ಗೆರೆಗೂ ಚೂಪು ತಲೆ ಬಂತು. ಈಗ ಫೋಟೋಡಯೋಡ್ ಹಿಂದೆ ಬಿದ್ದಿದೀನಿ.