ಕೆಂಬಲ್‌ನಲ್ಲಿ ಒಂದೇ ಅಣುವಿಗೆ ಇಷ್ಟೊಂದು ಬೇರೆ ಬೇರೆ ಐಸಿ50, ಯಾವುದನ್ನು ತೆಗೆದುಕೊಳ್ಳಲಿ?

ಮೊದಲಹೆಜ್ಜೆ:
ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಮೊದಲ ವರ್ಷದಲ್ಲಿದ್ದೇನೆ. ಇಜಿಎಫ್‌ಆರ್ ಅನ್ನುವ ಕೈನೇಸನ್ನು (ಒಂದು ಬಗೆಯ ಕಿಣ್ವ ಪ್ರೋಟೀನ್) ತಡೆಯುವ ಅಣುಗಳ ಮೇಲೆ ಒಂದು ಮಾಡೆಲ್ ಮಾಡಬೇಕು, ಅದಕ್ಕಾಗಿ ಕೆಂಬಲ್ ಅನ್ನುವ, ಅಣುಗಳ ಅಳತೆ ಸೇರಿಸಿಟ್ಟ ಡೇಟಾಬೇಸಿನಿಂದ ಡೇಟಾ ಇಳಿಸಿಕೊಂಡೆ. ಸಾವಿರಗಟ್ಟಲೆ ಸಾಲು ಬಂತು, ತುಂಬಾ ಖುಷಿಯಾಯಿತು. ಆಮೇಲೆ ಸುಮ್ನೆ ನೋಡೋಣ ಅಂತ ಜೆಫಿಟಿನಿಬ್ ಅನ್ನುವ ಔಷಧಿ ಒಂದನ್ನೇ ಫಿಲ್ಟರ್ ಮಾಡಿದೆ. ಕೆಲವು ಸಾಲಿನಲ್ಲಿ ಐಸಿ50 (ಪ್ರೋಟೀನಿನ ಕೆಲಸವನ್ನು ಅರ್ಧಕ್ಕೆ ಇಳಿಸಲು ಬೇಕಾದ ಅಣುವಿನ ಸಾಂದ್ರತೆ) ಹತ್ತು ನ್ಯಾನೊಮೋಲಾರ್‌ಗೂ ಕಡಿಮೆ, ಕೆಲವು ಸಾಲಿನಲ್ಲಿ ಸಾವಿರಕ್ಕೂ ಮೇಲೆ. ಅದೇ ಅಣು, ಅದೇ ಟಾರ್ಗೆಟ್ (ಅಣು ತಡೆಯಬೇಕಾದ ಪ್ರೋಟೀನ್) ಐಡಿ! ಲ್ಯಾಬಿನ ಗೆಳೆಯ ಸರಾಸರಿ ತೆಗೆದು ಮುಂದೆ ಹೋಗು ಅಂದ. ನನಗೆ ಮನಸ್ಸು ಒಪ್ಪುತ್ತಿಲ್ಲ. ಗೈಡ್ ಟು ಫಾರ್ಮಕಾಲಜಿ ಅನ್ನುವ ಇನ್ನೊಂದು ಡೇಟಾಬೇಸಿನಲ್ಲೂ ಹುಡುಕಿದೆ, ಅಲ್ಲಿ ಈ ಟಾರ್ಗೆಟ್‌ಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು ಅಣುಗಳು. ಏನು ಮಾಡಲಿ?

ಅಸ್ಸೇಮೇಜು:
ಸರಾಸರಿ ಬೇಡ, ನಿಮ್ಮ ಅನುಮಾನ ಸರಿಯಾಗಿದೆ. ನಾನು ಬಹಳ ವರ್ಷ ಕೈನೇಸ್ ಅಸ್ಸೇಗಳನ್ನೇ (ಅಣು ಎಷ್ಟು ತಡೆಯುತ್ತದೆ ಅಂತ ಅಳೆಯುವ ಪ್ರಯೋಗ) ಮಾಡಿದವನು, ಅದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನಿಮ್ಮ ಫೈಲಿನಲ್ಲಿ ಅಸ್ಸೇ ಡಿಸ್ಕ್ರಿಪ್ಶನ್ ಅಂತ ಒಂದು ಕಾಲಂ ಇದೆ. ಅಂಕಿ ನೋಡುವ ಮೊದಲು ಅದನ್ನು ಓದಿ. ಒಂದು ಸಾಲಿನಲ್ಲಿ ಶುದ್ಧ ಮಾಡಿದ ವೈಲ್ಡ್ ಟೈಪ್, ಅಂದರೆ ಬದಲಾಗದ ಮೂಲ ಪ್ರೋಟೀನ್ ಇರುತ್ತದೆ. ಇನ್ನೊಂದರಲ್ಲಿ ಎಲ್858ಆರ್ ಮ್ಯುಟೆಂಟ್ (858ನೇ ಅಮೈನೊ ಆಮ್ಲ ಬದಲಾದದ್ದು), ಮತ್ತೊಂದರಲ್ಲಿ ಟಿ790ಎಂ ಇರುವ ಮ್ಯುಟೆಂಟ್. ಎಲ್ಲವೂ ಅದೇ ಟಾರ್ಗೆಟ್ ಐಡಿ ಅಡಿಯಲ್ಲೇ ಬಂದು ಕೂರುತ್ತವೆ. ಮ್ಯುಟೇಶನ್‌ಗೆ ಬೇರೆ ಕಾಲಂ ಇದೆ ನಿಜ, ಆದರೆ ಅದೊಂದನ್ನೇ ನಂಬಬೇಡಿ, ವಿವರಣೆಯಲ್ಲೂ 790 ಅಂತ ಹುಡುಕಿ. ಎಲ್858ಆರ್ ಮೇಲೆ ಜೆಫಿಟಿನಿಬ್ ಚೆನ್ನಾಗಿ ಕೆಲಸ ಮಾಡುತ್ತದೆ, ಟಿ790ಎಂ ಸೇರಿಕೊಂಡರೆ ಸೋಲುತ್ತದೆ. ಇವೆರಡರ ಸರಾಸರಿ ತೆಗೆದರೆ ಬರುವ ಅಂಕಿ ಯಾವ ಪ್ರೋಟೀನಿನದೂ ಅಲ್ಲ.

ಎರಡನೆಯದು ಎಟಿಪಿ, ಅಂದರೆ ಕೈನೇಸ್ ತನ್ನ ಕೆಲಸಕ್ಕೆ ಬಳಸುವ ಅಣು. ಈ ಔಷಧಿ ಕೂರುವುದು ಎಟಿಪಿ ಕೂರುವ ಜಾಗದಲ್ಲೇ. ಹಾಗಾಗಿ ಪ್ಲೇಟಿಗೆ ಎಟಿಪಿ ಜಾಸ್ತಿ ಹಾಕಿದಷ್ಟೂ ಐಸಿ50 ಮೇಲೆ ಹೋಗುತ್ತದೆ, ಅಣು ಮಾತ್ರ ಅದೇ. ಟಿ790ಎಂ ವಿಷಯದಲ್ಲಿ ಇದು ಎಷ್ಟು ದೊಡ್ಡದಾಯಿತು ನೋಡಿ. ಮೊದಲು ಎಲ್ಲರೂ ಅಂದುಕೊಂಡಿದ್ದು, ಥ್ರಿಯೊನಿನ್ ಜಾಗಕ್ಕೆ ದೊಡ್ಡ ಮೆಥಿಯೊನಿನ್ ಬಂದು ಔಷಧಿಗೆ ಅಡ್ಡ ನಿಲ್ಲುತ್ತದೆ ಅಂತ. 2008ರಲ್ಲಿ ನೇರವಾಗಿ ಬೈಂಡಿಂಗ್ ಅಳೆದಾಗ ಟಿ790ಎಂ ಪ್ರೋಟೀನಿಗೂ ಜೆಫಿಟಿನಿಬ್ ಗಟ್ಟಿಯಾಗಿಯೇ ಅಂಟುತ್ತದೆ ಅಂತ ಗೊತ್ತಾಯಿತು. ಎಲ್858ಆರ್ ಜೊತೆ ಟಿ790ಎಂ ಸೇರಿದಾಗ ಎಟಿಪಿಯ ಹಿಡಿತ ಬಿಗಿಯಾಗುತ್ತದೆ, ಔಷಧಿ ಸೋಲುವುದು ಮುಖ್ಯವಾಗಿ ಅಲ್ಲಿ. ಜೀವಕೋಶದೊಳಗೆ ಎಟಿಪಿ ಮಿಲಿಮೋಲಾರ್ ಮಟ್ಟದಲ್ಲಿ ಇರುತ್ತದೆ, ನಾವು ಪ್ಲೇಟಿನಲ್ಲಿ ಬಹಳ ಸಲ ಮೈಕ್ರೊಮೋಲಾರ್ ಮಟ್ಟದಲ್ಲಿ ಹಾಕುತ್ತೇವೆ. ಪ್ರೋಟೀನ್ ಅಸ್ಸೇಗೂ ಕೋಶದ ಅಸ್ಸೇಗೂ ಅಂಕಿ ತಾಳೆಯಾಗದೆ ಇರುವುದಕ್ಕೆ ಇದೂ ಒಂದು ಕಾರಣ.

ಎಟಿಪಿ ಎಷ್ಟು, ಕೆಎಂ (ಕಿಣ್ವ ಅರ್ಧ ವೇಗ ಮುಟ್ಟುವ ಎಟಿಪಿ ಸಾಂದ್ರತೆ) ಎಷ್ಟು ಅಂತ ಪೇಪರಿನಲ್ಲಿ ಇದ್ದರೆ ಚೆಂಗ್-ಪ್ರುಸಾಫ್ ಸೂತ್ರದಿಂದ ಐಸಿ50ಯನ್ನು ಕೆಐ (ಎಟಿಪಿ ಪ್ರಮಾಣದ ಪ್ರಭಾವ ಕಳೆದ ಅಂಕಿ) ಮಾಡಿಕೊಳ್ಳಬಹುದು. ಇಲ್ಲದಿದ್ದರೆ ಊಹೆ ಮಾಡಿ ತುಂಬಬೇಡಿ.

ಕೋಡ್‌ಜೊತೆ:
ಮೇಲಿನವರು ಹೇಳಿದ್ದಕ್ಕೆ ಡೇಟಾ ಕಡೆಯಿಂದ ಸೇರಿಸುತ್ತೇನೆ. ರಿಲೇಶನ್ ಕಾಲಂ ನೋಡಿದ್ದೀರಾ? ಅಲ್ಲಿ ಸಮ ಚಿಹ್ನೆ ಇದ್ದರೆ ಸರಿ. ಹತ್ತು ಸಾವಿರಕ್ಕಿಂತ ಜಾಸ್ತಿ ಅನ್ನುವ ಚಿಹ್ನೆ ಇದ್ದರೆ ಅದು ಹತ್ತು ಸಾವಿರ ಅಲ್ಲ, ಅಲ್ಲಿಯವರೆಗೆ ಅಳೆದರೂ ಐಸಿ50 ಸಿಗಲಿಲ್ಲ ಅಂತ ಅರ್ಥ. ಆ ಚಿಹ್ನೆ ಬಿಟ್ಟು ಬರೀ ಅಂಕಿ ತೆಗೆದುಕೊಂಡು ನಾನೇ ಎರಡು ತಿಂಗಳು ಕಳೆದುಕೊಂಡಿದ್ದೇನೆ. ಪಿಕೆಂಬಲ್ ಕಾಲಂ ಬಳಸಿದರೆ ಇಂಥ ಸಾಲುಗಳು ತಾನಾಗಿಯೇ ಹೊರಗುಳಿಯುತ್ತವೆ. ಅದು ಮೋಲಾರ್‌ನಲ್ಲಿ ಇರುವ ಅಂಕಿಯ ಋಣ ಲಾಗ್, ಅಂದರೆ 10 ನ್ಯಾನೊಮೋಲಾರ್ ಅಂದರೆ 8, ಒಂದು ಮೈಕ್ರೊಮೋಲಾರ್ ಅಂದರೆ 6.

ಇನ್ನೊಂದು. ಒಂದೇ ಅಣುವಿನ ಎರಡು ಸಾಲಿನ ನಡುವೆ ಪಿಕೆಂಬಲ್‌ನಲ್ಲಿ ಸರಿಯಾಗಿ 3.00 ವ್ಯತ್ಯಾಸ, ಅಂದರೆ ಸಾವಿರ ಪಟ್ಟು, ಇದ್ದರೆ ನಿಂತು ನೋಡಿ. ಬಹಳ ಸಲ ಅದು ಮೈಕ್ರೊಮೋಲಾರ್ ಅನ್ನು ನ್ಯಾನೊಮೋಲಾರ್ ಅಂತ ಬರೆದುಕೊಂಡ ತಪ್ಪು. ಎರಡು ಸಾಲಿನ ಅಂಕಿ ಒಂಚೂರೂ ಬದಲಾಗದೆ ಒಂದೇ ಇದ್ದರೆ ಎರಡು ಸಲ ಅಳೆದಿದ್ದಾರೆ ಅಂತ ಖುಷಿಪಡಬೇಡಿ, ಹಿಂದಿನ ಪೇಪರಿನ ಅಂಕಿಯನ್ನೇ ಮುಂದಿನವರು ಹೋಲಿಕೆಗೆ ಎತ್ತಿಕೊಂಡಿರಬಹುದು. ಇವೆರಡಕ್ಕೂ ಕೆಂಬಲ್‌ನಲ್ಲೇ ಎಚ್ಚರಿಕೆಯ ಕಾಲಂಗಳಿವೆ, ವ್ಯಾಲಿಡಿಟಿ ಕಾಮೆಂಟ್ ಮತ್ತು ಪೊಟೆನ್ಶಿಯಲ್ ಡುಪ್ಲಿಕೇಟ್. ಇಷ್ಟೆಲ್ಲ ಸೋಸಿದ ಮೇಲೆ ಒಂದೇ ತರಹದ ಅಸ್ಸೇಯಿಂದ ನಾಲ್ಕೈದು ಅಂಕಿ ಉಳಿದರೆ ಲಾಗ್ ಮೇಲೆ ಮೀಡಿಯನ್ ತೆಗೆದುಕೊಳ್ಳಿ.

ರಿಸೆಪ್ಟರ್‌ದಾರಿ:
ಗೈಡ್ ಟು ಫಾರ್ಮಕಾಲಜಿ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅಲ್ಲಿ ಅಣು ಕಡಿಮೆ ಇರುವುದು ಕೊರತೆ ಅಲ್ಲ. ಕೆಂಬಲ್ ಜರ್ನಲ್‌ಗಳಲ್ಲಿ ಬಂದ ಅಳತೆಗಳನ್ನು ದೊಡ್ಡ ಪ್ರಮಾಣದಲ್ಲಿ ಸೇರಿಸಿಕೊಳ್ಳುತ್ತದೆ. ಗೈಡ್‌ನಲ್ಲಿ ವಿಷಯ ತಿಳಿದವರು ಟಾರ್ಗೆಟ್ ಟಾರ್ಗೆಟ್‌ಗೂ ಕೂತು, ಮುಖ್ಯವಾದ ಲಿಗ್ಯಾಂಡ್‌ಗಳನ್ನು (ಟಾರ್ಗೆಟ್‌ಗೆ ಅಂಟುವ ಅಣುಗಳು) ಆರಿಸಿ ಹಾಕುತ್ತಾರೆ. ಮಾಡೆಲ್‌ಗೆ ಇದು ಸಾಲದು. ಆದರೆ ನೀವು ಸೋಸಿದ ಜೆಫಿಟಿನಿಬ್ ಅಂಕಿ ಸರಿಯಾದ ಮಟ್ಟದಲ್ಲಿದೆಯಾ ಅಂತ ತಾಳೆ ನೋಡಲು ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ.

ಅಲ್ಲಿ ಪ್ರತಿ ಅಂಕಿಯ ಪಕ್ಕ ಯಾವ ಪ್ರಾಣಿಯ ಪ್ರೋಟೀನ್ ಅಂತಲೂ ಇರುತ್ತದೆ, ಅದನ್ನು ಬಿಡಬೇಡಿ. ಸೆರೊಟೊನಿನ್ ಹಿಡಿಯುವ 5-ಎಚ್‌ಟಿ1ಬಿ ರಿಸೆಪ್ಟರ್‌ನಲ್ಲಿ ಮನುಷ್ಯರಿಗೂ ಇಲಿಗೂ ಒಂದೇ ಒಂದು ಅಮೈನೊ ಆಮ್ಲ, 355ನೆಯದು, ಬೇರೆ ಇರುವುದೇ ಸಾಕು, ಪಿಂಡೊಲಾಲ್ ಅನ್ನುವ ಔಷಧಿ ಇಲಿಯದಕ್ಕೆ ಗಟ್ಟಿಯಾಗಿ ಅಂಟುತ್ತದೆ, ಮನುಷ್ಯರದಕ್ಕೆ ಅಷ್ಟಾಗಿ ಅಂಟುವುದಿಲ್ಲ. 1992ರಲ್ಲೇ ತೋರಿಸಿದ ವಿಷಯ ಇದು.

ಮೊದಲಹೆಜ್ಜೆ:
ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಕೂತು ಜೆಫಿಟಿನಿಬ್‌ನ ಒಂದೊಂದು ಸಾಲನ್ನೂ ಓದಿದೆ. ಸಾವಿರದ ಮೇಲಿದ್ದವುಗಳಲ್ಲಿ ಹೆಚ್ಚಿನವು ಟಿ790ಎಂ, ಕೆಲವು ಕೋಶದ ಅಸ್ಸೇ. ಒಂದು ಸಾಲು ಮಾತ್ರ ಯಾವುದಕ್ಕೂ ಸೇರಲಿಲ್ಲ. ಮೂಲ ಪೇಪರ್ ತೆರೆದು ನೋಡಿದೆ, ಟೇಬಲ್‌ನ ತಲೆಯಲ್ಲಿ ನ್ಯಾನೊಮೋಲಾರ್ ಅಂತ ಇದೆ, ನನ್ನ ಫೈಲಿನಲ್ಲಿ ಅದು ಸಾವಿರ ಪಟ್ಟು ಆಗಿದೆ. ಅದನ್ನು ಸುಮ್ನೆ ಅಳಿಸಿಬಿಡಲಾ?

ಕೋಡ್‌ಜೊತೆ:
ಮೂಲ ಫೈಲಿನಿಂದ ಅಳಿಸಬೇಡಿ. ಬೇರೆ ಕಾಲಂ ಮಾಡಿ ಯಾಕೆ ಬಿಟ್ಟಿರಿ ಅಂತ ಒಂದು ಸಾಲು ಬರೆದಿಡಿ, ಕೆಂಬಲ್‌ನ ಎಷ್ಟನೇ ಆವೃತ್ತಿ ಇಳಿಸಿಕೊಂಡಿರಿ ಅನ್ನುವುದನ್ನೂ. ಮುಂದಿನ ಆವೃತ್ತಿಯಲ್ಲಿ ಸಾಲುಗಳು ಬದಲಾಗಿರುತ್ತವೆ. ಮತ್ತೆ ಅವರ ಹೆಲ್ಪ್‌ಡೆಸ್ಕ್‌ಗೆ ಆ ಪೇಪರ್, ಆ ಟೇಬಲ್, ಆ ಅಂಕಿ ಬರೆದು ಒಂದು ಮೇಲ್ ಹಾಕಿ. ಇದೇ ಸಾಲನ್ನು ಇಳಿಸಿಕೊಳ್ಳುವವರು ಇನ್ನೂ ಎಷ್ಟೋ ಜನ ಇರುತ್ತಾರೆ, ಅಲ್ವಾ.