ಸಮಸ್ಯೆ: ಒಂದೇ ಕೆನ್ನೆಯೊಳೆರಡಿವೆ ಕಣ್ಣುಗಳಯ್ಯಾ!

ಕಂದಪದ್ಯದ ಕೊನೆಯ ಸಾಲು ಇದು. ಮೊದಲ ಮೂರು ನಿಮ್ಮದು. ಆದಿಪ್ರಾಸ (ಸಾಲಿನ ಎರಡನೇ ಅಕ್ಷರದ ಪ್ರಾಸ) ಬಿಡಬೇಡಿ. ಚಿತ್ರ, ಕನ್ನಡಿ ಅಂತೆಲ್ಲ ಜಾರಿಕೊಳ್ಳೋದು ಬೇಡ, ಉಸಿರಾಡುವ ಪ್ರಾಣಿಯೇ ಬೇಕು.

— ಪ್ರಾಣಿ ಅಂದ ಕೂಡಲೇ ಸುಳಿವು ಸಿಕ್ತು. ಚಪ್ಪಟೆ ಮೀನು ಅಲ್ವಾ?

ಹಿಂದಿನ ಕಣ್ಣದು ಮೆಲ್ಲಗೆ
ಮುಂದಕೆ ತಲೆಯಾಚೆಯಿಂದ ಹೊರಳಿತು ನೋಡಾ
ಕುಂದದು ನೋಟವು ಮೀನಿಗೆ
ಒಂದೇ ಕೆನ್ನೆಯೊಳೆರಡಿವೆ ಕಣ್ಣುಗಳಯ್ಯಾ!

ಸುಮ್ನೆ ಕಟ್ಟಿದ ಕಲ್ಪನೆ ಅಲ್ಲ. ಮರಿ ಹುಟ್ಟಿದಾಗ ಕಡೆಗೊಂದು ಕಣ್ಣು, ನೆಟ್ಟಗೆ ಈಜು, ಎಲ್ಲ ಮೀನಿನ ಹಾಗೇ. ಬೆಳೀತಾ ಒಂದು ಕಣ್ಣು ತಲೆ ದಾಟಿ ಇನ್ನೊಂದರ ಪಕ್ಕಕ್ಕೆ ಬರುತ್ತದೆ, ಬುರುಡೆಯೇ ತಿರುಚಿಕೊಳ್ಳುತ್ತದೆ, ಆಮೇಲೆ ತಳಕ್ಕಿಳಿದು ಕಣ್ಣಿಲ್ಲದ ಪಕ್ಕದ ಮೇಲೆ ಮಲಗಿತು ಅಂದ್ರೆ ಜೀವಮಾನವೆಲ್ಲ ಹಾಗೇ.

— ‘ಮೀನಿಗೆ’ ಆದ ಮೇಲೆ ‘ಒಂದೇ’. ಸ್ವರಕ್ಕೆ ಸ್ವರ ತಾಗಿದೆ, ಸಂಧಿ ಮಾಡಿಲ್ಲ. ವಿಸಂಧಿ!

— ಸ್ವರದಿಂದ ಶುರುವಾಗುವ ಸಾಲು ಕೊಟ್ಟವರನ್ನ ಕೇಳಿ.

— ಚಪ್ಪಟೆ ಮೀನುಗಳಲ್ಲಿ ನನಗೆ ಸೊಲೆನೆಟ್ ಇಷ್ಟ. ಉತ್ತರ ಸಮುದ್ರದಲ್ಲೂ ಮೆಡಿಟರೇನಿಯನ್‌ನಲ್ಲೂ ಮರಳು ತಳದಲ್ಲಿರುವ ಪುಟಾಣಿ, ಸಾಮಾನ್ಯವಾಗಿ ಅಂಗೈ ಉದ್ದವೂ ಇರಲ್ಲ. ಸಣ್ಣ ಹುಳ, ಸಿಗಡಿಯಂಥ ಚಿಕ್ಕ ಜೀವಿಗಳೇ ಊಟ. ಅಂಚಿನ ರೆಕ್ಕೆಯಲ್ಲಿ ಐದಾರು ಕಡ್ಡಿಗೊಂದು ಕಪ್ಪು ಕಡ್ಡಿ, ಯಾರೋ ಪ್ರಸ್ತಾರ ಹಾಕಿ ಗಣ ಗಣಕ್ಕೂ ಗೀಟೆಳೆದ ಹಾಗೆ! ರೆಕ್ಕೆ ಬಡಿದು ಮೈಮೇಲೆ ಮರಳು ಎರಚಿಕೊಂಡು ಹೂತುಕೊಳ್ಳೋದು ಈ ಬಳಗದ ಅಭ್ಯಾಸ, ಕಣ್ಣೆರಡು ಮಾತ್ರ ಹೊರಗೆ.

ಬಂದರೆ ಬೇಟೆಗೆ ದೊಡ್ಡವು
ಹೊಂದಿಸಿ ಮೈಬಣ್ಣವನ್ನು ಮರಳಲಿ ಗಪ್‌ಚುಪ್!
ಸಂದಿಲಿ ಇಣುಕುವುದೇನದು?
ಒಂದೇ ಕೆನ್ನೆಯೊಳೆರಡಿವೆ ಕಣ್ಣುಗಳಯ್ಯಾ!

— ಕಂದದಲ್ಲಿ ಗಪ್‌ಚುಪ್ಪಾ?

— ಮಾತ್ರೆ ಎಣಿಸಿ. ಗಪ್ ಎರಡು, ಚುಪ್ ಎರಡು, ಕೊನೆಗೆ ಗುರು. ‘ಣವನ್ನು’ ಜಗಣ (ಲಘು-ಗುರು-ಲಘು), ಸರಿಯಾಗಿ ಆರನೇ ಗಣದಲ್ಲೇ ಬಂದಿದೆ.

— ಛಂದಸ್ಸು ಬಿಡಿ, ಬಣ್ಣ ಹೊಂದಿಸೋದು ನಿಜವಾ?

— ನಿಜ. 1911ರಲ್ಲಿ ಸಮ್ನರ್ ಎಂಬ ವಿಜ್ಞಾನಿ ಚಪ್ಪಟೆ ಮೀನುಗಳನ್ನ ಚದುರಂಗದ ಮಣೆಯಂಥ ಹಾಸಿನ ಮೇಲೂ ಬಿಟ್ಟು ನೋಡಿದ್ದರು. ಮೈಮೇಲಿನ ಮಚ್ಚೆಗಳು ಆ ಹಾಸಿನ ವಿನ್ಯಾಸಕ್ಕೆ ತಕ್ಕಂತೆ ಬದಲಾಗ್ತಿದ್ದವು. ಪಕ್ಕಾ ಚೌಕ ಬರಲಿಲ್ಲ, ಆದ್ರೂ ಕಣ್ಣಲ್ಲಿ ನೋಡಿ ಮೈಯಲ್ಲಿ ಬರೆಯೋದು ಅಂದ್ರೆ ಕಡಿಮೆಯಾ?

— ಎರಡನೇದಕ್ಕೆ ನನ್ನ ಮತ. ಒಂದೇ ತಕರಾರು. ಸೊಲೆನೆಟ್‌ನ ಕಣ್ಣೆರಡೂ ಬಲಗೆನ್ನೆಯಲ್ಲಿ. ಪದ್ಯದಲ್ಲಿ ‘ಬಲ’ ಎಲ್ಲಿ?

— ‘ಬಲ’ಕ್ಕೆ ‘ಂದ’ ಪ್ರಾಸ ಎಲ್ಲಿಂದ ತರಲಿ? ಸಾಲಿನ ಮಧ್ಯೆ ತುರುಕಬೇಕು ಅಷ್ಟೇ. ಸಂಜೆ ನೋಡ್ತೀನಿ.