ಓದುಗರ ಸ್ಪಂದನ: ಪ್ಲಾಬ್ ಪಾಸಾಯ್ತು, ಕೆಲಸ ಮಾತ್ರ ಇಲ್ಲ

ಕಳೆದ ಬಾರಿಯ ಸಮಸ್ಯೆ: ನನಗೆ 27 ವರ್ಷ. ಸರ್ಕಾರಿ ಕಾಲೇಜಲ್ಲಿ ಎಂಬಿಬಿಎಸ್ ಮುಗ್ಸಿ, ಹೊರದೇಶದ ಡಾಕ್ಟರ್‌ಗಳಿಗೆ ಬ್ರಿಟನ್ ನಡೆಸೋ ಪ್ಲಾಬ್ ಪರೀಕ್ಷೆಯ ಎರಡೂ ಭಾಗ ಮೊದಲ ಸಲಕ್ಕೇ ಪಾಸ್ ಮಾಡಿ, ಅಲ್ಲಿನ ವೈದ್ಯ ಮಂಡಳಿ ಜಿಎಂಸಿಯ ರಿಜಿಸ್ಟ್ರೇಷನ್ ತಗೊಂಡು ಹತ್ತು ತಿಂಗಳಾಯ್ತು. ಇಂಗ್ಲಿಷ್ ಟೆಸ್ಟು, ಪರೀಕ್ಷೆ ಫೀಸು, ವೀಸಾ, ಪರೀಕ್ಷೆಯ ಎರಡನೇ ಭಾಗಕ್ಕೆ ಮ್ಯಾಂಚೆಸ್ಟರ್ ಓಡಾಟ ಅಂತ ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿದ್ದಾರೆ. ಈಗ ಊರಿಗೆ ವಾಪಸ್ ಬಂದು ಇಲ್ಲಿಂದಲೇ ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಕೆಲಸಗಳಿಗೆ 340 ಅರ್ಜಿ ಹಾಕಿದೀನಿ, ಬಂದಿದ್ದು ಎರಡೇ ಇಂಟರ್‌ವ್ಯೂ, ಎರಡೂ ಕಡೆ ಅಲ್ಲೇ ಕೆಲಸ ಮಾಡಿದ್ದೋರಿಗೆ ಸಿಕ್ತು. ಅಮ್ಮ ಗಂಡು ನೋಡ್ತಿದ್ದಾರೆ, ಅಪ್ಪ ನೀಟ್ ಪಿಜಿ ಬರಿ ಅಂತಾರೆ. ಕಾಯ್ಲಾ, ಬಿಟ್ಬಿಡ್ಲಾ? ಎಸ್., ಹಾಸನ ಜಿಲ್ಲೆ

ತಂಗಿ, ನಿನ್ನ ಪತ್ರ ನೈಟ್ ಡ್ಯೂಟಿ ಮುಗ್ಸಿ ಬಸ್ಸಲ್ಲಿ ಕೂತು ಓದ್ದೆ. 340 ಅನ್ನೋ ನಂಬರ್ ನೋಡಿ ಆಶ್ಚರ್ಯ ಆಗ್ಲಿಲ್ಲ, ಬೇಜಾರಾಯ್ತು. ನಾನು 2021ರಲ್ಲಿ ಬ್ರಿಟನ್‌ಗೆ ಬಂದಾಗ ಬರೀ 40 ಅರ್ಜಿಗೆ ಮೂರು ಇಂಟರ್‌ವ್ಯೂ ಬಂದಿತ್ತು, ನಿನಗಿಂತ ಜಾಣ ಅಂತಲ್ಲ, ಕಾಲ ಹಂಗಿತ್ತು. 2019ರ ಅಕ್ಟೋಬರ್‌ನಲ್ಲಿ ಇಲ್ಲಿ ಡಾಕ್ಟರ್‌ಗಳನ್ನೆಲ್ಲಾ ಕೊರತೆ ಹುದ್ದೆಗಳ ಪಟ್ಟಿಗೆ ಸೇರ್ಸಿದ್ರು. ಅದಕ್ಕೆ ಮುಂಚೆ ಸ್ಪೆಷಾಲಿಟಿ ಟ್ರೈನಿಂಗ್‌ನಲ್ಲಿ (ನಮ್ಮ ಪಿಜಿ ಥರ) ಮೊದಲ ಪಂಕ್ತಿ ಇಲ್ಲಿನೋರಿಗೆ, ವೀಸಾ ಬೇಕಾದ ನಮ್ಮಂಥೋರಿಗೆ ಉಳಿದಿದ್ದು ಅನ್ನೋ ಥರ ಇತ್ತು, ಆಮೇಲೆ ಎಲ್ರೂ ಒಂದೇ ಕ್ಯೂ. ಈ ಸುದ್ದಿ ನಮ್ಮ ಹಾಸ್ಟೆಲ್‌ಗಳಿಗೆ ಎಷ್ಟು ಬೇಗ ಮುಟ್ತು ಅಂತ ನಿಂಗೇ ಗೊತ್ತು.

2025ರಲ್ಲಿ ಏನಾಯ್ತು ನೋಡು, ಇಂಗ್ಲೆಂಡಲ್ಲಿ ಸುಮಾರು 10,000 ಟ್ರೈನಿಂಗ್ ಸೀಟಿಗೆ 30,000ಕ್ಕೂ ಹೆಚ್ಚು ಡಾಕ್ಟರ್‌ಗಳು. ಸೀಟ್ ಸಿಗದೇ ಇರೋ ಆ 20 ಸಾವಿರ ಜನ ಮನೇಲಿ ಕೂರ್ತಾರಾ? ನೀನು ಅರ್ಜಿ ಹಾಕ್ತಿರೋ ಕ್ಲಿನಿಕಲ್ ಫೆಲೋ, ಟ್ರಸ್ಟ್ ಗ್ರೇಡ್ ಅನ್ನೋ ಟ್ರೈನಿಂಗ್ ಅಲ್ಲದ ಕೆಲಸಗಳಿಗೇ ಬಂದು ಬೀಳ್ತಾರೆ. ಅಂದ್ರೆ ನಿನ್ನ ಎದುರಿಗೆ ಇರೋದು ನಿನ್ನಂಗೇ ಹೊಸದಾಗಿ ಪ್ಲಾಬ್ ಪಾಸಾದೋರಷ್ಟೇ ಅಲ್ಲ, ಇಲ್ಲೇ ಎರಡ್ಮೂರು ವರ್ಷ ವಾರ್ಡಲ್ಲಿ ಓಡಾಡಿದೋರು.

ಕಳೆದ ಬೇಸಿಗೇಲಿ ನಮ್ಮ ಡಿಪಾರ್ಟ್‌ಮೆಂಟಲ್ಲೇ ಒಂದು ಪೋಸ್ಟ್ ಕರೆದಿದ್ರು, ಬೆಳಿಗ್ಗೆ ಜಾಹೀರಾತು ಬಂದಿದ್ದು ಊಟದ ಹೊತ್ತಿಗೆ ಮುಚ್ಚಿದ್ರು, ಅಷ್ಟು ಅರ್ಜಿ. ನಮ್ಮ ಕನ್ಸಲ್ಟೆಂಟ್ (ಹಿರಿಯ ಸ್ಪೆಷಲಿಸ್ಟ್) ಪಟ್ಟೀನ ಸ್ಕ್ರಾಲ್ ಮಾಡ್ತಾ ಮಾಡ್ತಾ ನಿಟ್ಟುಸಿರು ಬಿಟ್ಟು, ಎನ್‌ಎಚ್‌ಎಸ್ ಅನುಭವ ಇಲ್ದೋರನ್ನ ಒಂದೇ ಏಟಿಗೆ ಪಕ್ಕಕ್ಕೆ ಹಾಕಿದ್ರು. ಪಕ್ಕದಲ್ಲೇ ನಿಂತಿದ್ದೆ, ಸ್ಕ್ರೀನ್ ತುಂಬಾ ನಮ್ಮ ಕಡೆಯ ಹೆಸರುಗಳೇ ಇದ್ವು, ಆಮೇಲೆ ನೋಡಿದ್ರೆ ಒಂದೂ ಇಲ್ಲ. ಅವ್ರು ಕೆಟ್ಟೋರಲ್ಲ, ಎರಡು ಗಂಟೆಗೆ ಅವರಿಗೆ ಕ್ಲಿನಿಕ್ ಇತ್ತು. ಇದನ್ನ ಯಾಕೆ ಹೇಳ್ತೀನಿ ಅಂದ್ರೆ ನಿನ್ನ ಅರ್ಜಿಗಳಲ್ಲಿ ಮುಕ್ಕಾಲು ಪಾಲು ಯಾರೂ ಓದೇ ಇಲ್ಲ, ಅದನ್ನ ನಿನ್ನ ಮಾರ್ಕ್ಸು ಅಂತ ತಿಳ್ಕೋಬೇಡ.

ಇನ್ನು ಕಾಯೋದೇ ಆದ್ರೆ ಸುಮ್ನೆ ಕಾಯ್ಬೇಡ. ಊರಲ್ಲೇ ಯಾವುದಾದ್ರೂ ಆಸ್ಪತ್ರೇಲಿ ಕೆಲಸಕ್ಕೆ ಸೇರು, ಗ್ಯಾಪ್ ಉದ್ದ ಆದಷ್ಟೂ ಇಲ್ಲಿ ಹುಬ್ಬು ಏರಿಸ್ತಾರೆ. ಅಲ್ಲೇ ಒಂದು ಆಡಿಟ್ ಮಾಡು, ಸಣ್ಣದಾದ್ರೂ ಪರವಾಗಿಲ್ಲ, ಆಪರೇಷನ್‌ಗೆ ಮುಂಚೆ ಆಂಟಿಬಯಾಟಿಕ್ ಟೈಮಿಗೆ ಹೋಗ್ತಿದೆಯಾ ಇಲ್ವಾ ಅಂತ ಐವತ್ತು ಕೇಸ್‌ಶೀಟ್ ತಿರುವಿ ಹಾಕಿದ್ರೂ ಇಂಟರ್‌ವ್ಯೂನಲ್ಲಿ ಮಾತಾಡೋಕೆ ಒಂದು ವಿಷಯ ಆಗತ್ತೆ. ಸ್ಪೆಷಾಲಿಟಿ ಟ್ರೈನಿಂಗ್‌ಗೆ ರೆಡಿ ಇದೀಯ ಅಂತ ತೋರ್ಸೋ ಕ್ರೆಸ್ಟ್ ಫಾರ್ಮ್‌ಗೆ ನಿನ್ನ ಜೊತೆ ಮೂರು ತಿಂಗಳಾದ್ರೂ ಕೆಲಸ ಮಾಡಿದ ಕನ್ಸಲ್ಟೆಂಟ್ ಸಹಿ ಬೇಕು, ಇಂಡಿಯಾದಲ್ಲಿರೋ ಸೀನಿಯರ್ ಹತ್ರಾನೂ ಹಾಕಿಸ್ಬೋದು. ಒಂದೇ ಸ್ಟೇಟ್‌ಮೆಂಟ್ ಕಾಪಿ ಪೇಸ್ಟ್ ಮಾಡಿ 340 ಕಡೆ ಹಾಕಿದ್ರೆ (ನಾವೆಲ್ಲಾ ಮಾಡಿದೀವಿ, ಬೈತಿಲ್ಲ) ಅದರ ಬದ್ಲು ಆ ಹುದ್ದೆಗೆ ಏನು ಕೇಳಿದ್ದಾರೋ ಅದನ್ನ ಸಾಲು ಸಾಲಾಗಿ ನೋಡಿ ಮೂವತ್ತೇ ಬರಿ. ಲಂಡನ್ ಮ್ಯಾಂಚೆಸ್ಟರ್ ಬಿಡು, ರೈಲು ಸರಿಯಾಗಿ ಹೋಗದ ಊರುಗಳನ್ನ ನೋಡು, ಸೈಕಿಯಾಟ್ರಿ, ವಯಸ್ಸಾದೋರ ವಾರ್ಡು ನೋಡು. ಮತ್ತೆ ಜಿಎಂಸಿ ವರ್ಷದ ಫೀಸ್ ಬರತ್ತಲ್ಲ, ಪ್ರಾಕ್ಟೀಸ್ ಮಾಡೋ ಲೈಸೆನ್ಸ್ ಬಿಟ್ಟು ರಿಜಿಸ್ಟ್ರೇಷನ್ ಮಾತ್ರ ಇಟ್ಕೊಂಡ್ರೆ ಕಮ್ಮಿ ಆಗತ್ತೆ, ಕೆಲಸ ಸಿಕ್ಕಾಗ ಲೈಸೆನ್ಸ್ ವಾಪಸ್ ತಗೋಬೋದು, ಸುಮ್ನೆ ಪೌಂಡ್ ಸುರೀಬೇಡ.
ನಿನ್ನಣ್ಣನಂಥೋನು, ಲೀಡ್ಸ್

ಈಗಿನ ಮಕ್ಕಳಿಗೆ ಬ್ರಿಟನ್‌ನಲ್ಲಿ ಹಿಂಗೆ ಕೆಲಸ ಸಿಗದೇ ಇರೋದು ಹೊಸದು ಅನ್ಸತ್ತೆ. 2006ರಲ್ಲಿ ನಾನು ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿದ್ದೆ, ಒಂದು ರೂಮಲ್ಲಿ ಐದು ಜನ ಡಾಕ್ಟ್ರು, ಎರಡು ಹಾಸಿಗೆ, ಪಾಳಿ ಮೇಲೆ ನಿದ್ದೆ. ಮಧ್ಯಾಹ್ನದ ಊಟ ದೇವಸ್ಥಾನದ ಪ್ರಸಾದ, ದಿನಾ ಹೋಗಿ ಹೋಗಿ ಬಡಿಸೋರಿಗೆ ನಮ್ಮ ಮುಖ ಪರಿಚಯ ಆಗಿ ಕೇಳದೇನೇ ಎರಡನೇ ಸಲ ಅನ್ನ ಹಾಕೋರು. ನಾಚಿಕೆ ಆಗ್ತಿತ್ತು, ಹಸಿವೂ ಆಗ್ತಿತ್ತು. ಆ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಹೊರದೇಶದ ಡಾಕ್ಟರ್‌ಗಳು ವರ್ಕ್ ಪರ್ಮಿಟ್ ಇಲ್ಲದೆ ಟ್ರೈನಿಂಗ್ ಮಾಡೋ ಸೌಲಭ್ಯಾನ ಇದ್ದಕ್ಕಿದ್ದಂಗೆ ಕಿತ್ತು ಹಾಕ್ತು, ಅಲ್ಲೀವರೆಗೆ ಬನ್ನಿ ಬನ್ನಿ ಅಂತಿದ್ದೋರು. ಭಾರತ ಮೂಲದ ವೈದ್ಯರ ಸಂಘ ಬಾಪಿಯೋ ಕೋರ್ಟಿಗೆ ಹೋಯ್ತು. ನುರಿತ ವಲಸಿಗರ ವೀಸಾದಲ್ಲಿದ್ದ ಡಾಕ್ಟರ್‌ಗಳನ್ನ ಹಿಂದಕ್ಕೆ ಹಾಕಿ ಅಂತ ಆರೋಗ್ಯ ಇಲಾಖೆ ಆಸ್ಪತ್ರೆಗಳಿಗೆ ಕೊಟ್ಟಿದ್ದ ಸೂಚನೆ ಕಾನೂನಿಗೆ ವಿರುದ್ಧ ಅಂತ 2008ರಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಡ್ತು. ಗೆದ್ವಿ ಅಂತ ಗೆಳೆಯ ಫೋನ್ ಮಾಡ್ದಾಗ ನಾನು ಊರಲ್ಲಿ ಪೇಷೆಂಟ್ ನೋಡ್ತಾ ಕೂತಿದ್ದೆ, ಬಂದು ಒಂದೂವರೆ ವರ್ಷ ಆಗಿತ್ತು.

ಬಾಗಿಲು ತೆಗೀತಾರೆ, ಹಾಕ್ತಾರೆ, ಮತ್ತೆ ತೆಗೀತಾರೆ. ತೆಗೆಯೋದು ಅವರಿಗೆ ಆಳು ಕಮ್ಮಿ ಆದಾಗ. ನಮ್ಮ ತಲೆಮಾರಿನ ತಪ್ಪು ಏನಂದ್ರೆ ತಾರೀಕು ಹಾಕ್ಕೊಳ್ಳಿಲ್ಲ, ಇನ್ನೊಂದು ತಿಂಗಳು ಇನ್ನೊಂದು ತಿಂಗಳು ಅಂತ ಹದಿನಾಲ್ಕು ತಿಂಗಳು ತಳ್ಳಿದೆ ನಾನು. ನೀನು ಕ್ಯಾಲೆಂಡರ್‌ನಲ್ಲಿ ಒಂದು ದಿನ ಗುರುತು ಮಾಡು, ಅಪ್ಪ ಅಮ್ಮನಿಗೂ ತೋರ್ಸು, ಅಲ್ಲೀವರೆಗೆ ಅವರೂ ಸುಮ್ನಿರ್ತಾರೆ.
ಹಳೇ ಈಸ್ಟ್ ಹ್ಯಾಮ್ ಗಿರಾಕಿ, ಮೈಸೂರು

ಈ ಪತ್ರಕ್ಕೆ ಬರೀಬೇಕಾ ಬೇಡ್ವಾ ಅಂತ ಎರಡು ದಿನ ಯೋಚ್ನೆ ಮಾಡ್ದೆ, ಯಾಕಂದ್ರೆ ನಾನು ಕ್ಯೂನ ಆ ಕಡೆ ಇರೋಳು. ನನ್ನ ಮಗಳು ಬ್ರಿಟನ್ನಲ್ಲೇ ಹುಟ್ಟಿ ಇಲ್ಲೇ ಮೆಡಿಕಲ್ ಓದಿದ್ದು, ವರ್ಷಕ್ಕೆ 9,250 ಪೌಂಡ್ ಫೀಸು, ಐದು ವರ್ಷ, ಬಹುಪಾಲು ಸ್ಟೂಡೆಂಟ್ ಲೋನು. ಡಿಗ್ರಿ ಆದ್ಮೇಲಿನ ಫೌಂಡೇಶನ್ ತರಬೇತಿಯ ಎರಡು ವರ್ಷ ಮುಗ್ಸಿ ಆಗಸ್ಟಿಂದ ಕೆಲಸ ಇಲ್ಲ, ಟ್ರೈನಿಂಗ್ ಸೀಟ್ ಸಿಗ್ಲಿಲ್ಲ, ವಾರಕ್ಕೆ ಒಂದೆರಡು ಲೋಕಮ್ (ಬದಲಿ ಡಾಕ್ಟರ್) ಶಿಫ್ಟ್ ಸಿಕ್ಕಿದ್ರೆ ಹೋಗ್ತಾಳೆ, ಅದಕ್ಕೂ ಮೆಸೇಜ್ ಬಂದ ತಕ್ಷಣ ಹೂಂ ಅಂದೋರಿಗೇ ಸಿಗೋದು, ಅಡುಗೆ ಮಾಡ್ತಾ ಇರೋವಾಗ ಫೋನ್ ಟಿಂಗ್ ಅಂದ್ರೆ ಸೌಟು ಬಿಸಾಕಿ ಓಡ್ತಾಳೆ. ಮೊನ್ನೆ ಊಟಕ್ಕೆ ಕೂತಾಗ, ಅಮ್ಮಾ ಹೊರಗಡೆಯಿಂದ ಬರೋರಿಗೆ ಒಂದು ಲಿಮಿಟ್ ಇರ್ಬೇಕಲ್ವಾ ಅಂದ್ಲು, ಅಂದೋಳು ನನ್ನ ಮುಖ ನೋಡಿ ಸುಮ್ನಾದ್ಲು. ನಾನೂ ನರ್ಸ್ ಆಗಿ ಒಂದು ಸೂಟ್‌ಕೇಸ್ ಹಿಡ್ಕೊಂಡು ಬಂದಿದ್ದಲ್ವಾ.

2025ರ ಜುಲೈನಲ್ಲಿ ಬಂದ ಸರ್ಕಾರದ ಹತ್ತು ವರ್ಷದ ಆರೋಗ್ಯ ಯೋಜನೇಲಿ ಇಲ್ಲಿ ಓದಿದೋರಿಗೂ, ಎನ್‌ಎಚ್‌ಎಸ್‌ನಲ್ಲಿ ಸಾಕಷ್ಟು ಸಮಯ ಕೆಲಸ ಮಾಡಿರೋ ಬೇರೆ ಡಾಕ್ಟರ್‌ಗಳಿಗೂ ಟ್ರೈನಿಂಗ್‌ನಲ್ಲಿ ಆದ್ಯತೆ ಅಂತ ಬರೆದಿದ್ದಾರೆ, ಹೊರದೇಶದ ನೇಮಕಾತೀನ 2035ರ ಹೊತ್ತಿಗೆ ಶೇ 10ಕ್ಕಿಂತ ಕಮ್ಮಿ ಮಾಡ್ತೀವಿ ಅಂತಾನೂ ಇದೆ. ಓದಿ ನನಗೆ ಖುಷಿ ಆಯ್ತು ಅಂತ ಸುಳ್ಳು ಹೇಳದೆ ಒಪ್ಕೋತೀನಿ. ಆದ್ರೆ ಆ ಯೋಜನೇಲಿ ಮೂರು ವರ್ಷಕ್ಕೆ ಹೊಸದಾಗಿ ಸೇರ್ಸೋ ಟ್ರೈನಿಂಗ್ ಸೀಟು ಬರೀ 1,000 ಅಂತಿತ್ತು. ಇಂಗ್ಲೆಂಡಲ್ಲಿ ಚಿಕಿತ್ಸೆಗೆ ಕಾಯೋರ ಪಟ್ಟಿ 2025ರಲ್ಲಿ 70 ಲಕ್ಷ ದಾಟಿತ್ತು, ನಮ್ಮ ಪಕ್ಕದ ಮನೆ ತಾತ ಮಂಡಿ ಆಪರೇಷನ್‌ಗೆ ವರ್ಷದಿಂದ ಕಾಯ್ತಿದ್ದಾರೆ, ಗೋಡೆ ಈ ಕಡೆ ಡಾಕ್ಟರ್ ಹುಡುಗಿ ಕೆಲಸ ಇಲ್ದೆ ಸೋಫಾ ಮೇಲೆ ಕೂತಿದ್ದಾಳೆ. ಇದಕ್ಕೆ ನೀನೂ ಕಾರಣ ಅಲ್ಲ, ಅವಳೂ ಅಲ್ಲ, ಮೆಡಿಕಲ್ ಸೀಟು ಜಾಸ್ತಿ ಮಾಡಿ ಮುಂದಿನ ಮೆಟ್ಟಿಲು ಕಟ್ಟದೇ ಬಿಟ್ಟೋರು ಕಾರಣ. ಆದ್ರೂ ನಿನ್ನ ಪ್ರಶ್ನೆಗೆ ನೇರವಾಗಿ ಹೇಳ್ಬೇಕು ಅಂದ್ರೆ, ನೀನು ನನ್ನ ಮಗಳಾಗಿದ್ರೆ ಈಗ ಬರ್ಬೇಡ ಅಂತಿದ್ದೆ ಪುಟ್ಟಾ.
ಒಬ್ಬ ಅಮ್ಮ, ಬರ್ಮಿಂಗ್‌ಹ್ಯಾಮ್

ನೋಡವಾ ತಂಗಿ, ನಾ ಸಿಟ್ಟಿನ್ಯಾಗ ಬರಿಯಾಕ ಕುಂತಿದ್ದೆ. ಸರ್ಕಾರಿ ಸೀಟಿನ್ಯಾಗ ಓದಿ, ನಮ್ಮ ಮಂದಿ ತೆರಿಗಿ ರೊಕ್ಕದಾಗ ಡಾಕ್ಟರ್ ಆಗಿ, ಇನ್ನೊಂದ್ ದೇಶದ ಬಾಗಲಾ ಬಡದ್ರ ಹೆಂಗ ಅಂತ. ಮೂವತ್ತು ವರ್ಷ ತಾಲೂಕ ದವಾಖಾನ್ಯಾಗ ತೆಗದಾಂವ ನಾ, ಹೆರಿಗಿ ಡಾಕ್ಟರ್ ಇಲ್ಲದ ರಾತ್ರಿ ಜಿಲ್ಲಾ ಆಸ್ಪತ್ರಿಗೆ ಕಳಿಸಿದ ಬಾಣಂತ್ಯಾರ ಮುಖಾ ಇನ್ನೂ ಕಣ್ಣ ಮುಂದ ಬರ್ತಾವ. ಆದ್ರ ನನ್ನ ಸೊಸಿ ಪತ್ರ ಓದಿ ಒಂದ ಮಾತ ಕೇಳಿದ್ಲು, ಮಾವಾರ, ಇಲ್ಲಿ ಕರದು ಕೆಲಸಾ ಯಾರ ಕೊಟ್ಟಾರ್ರೀ ಅಂತ. ಬಾಯಿ ಮುಚ್ಚಿದೆ. 2022ರ ಡಿಸೆಂಬರ್‌ದಾಗ ನಮ್ಮ ಕ್ಲಿನಿಕ್ ಅಂತ ಸುರು ಮಾಡಿದ್ರು, ಚೊಲೋ ಕೆಲಸ, ಎಂಬಿಬಿಎಸ್ ಡಾಕ್ಟರಿಗೆ ಜಾಗಾ ಅದ, ಆದ್ರ ಗುತ್ತಿಗಿ. ಗುತ್ತಿಗಿ ಅಂದ್ರ ಮುಂದಿನ ವರ್ಷದ್ದು ದೇವರಿಗೇ ಗೊತ್ತು. ಇನ್ನ ನೀಟ್ ಪಿಜಿ ಅಂತೀರಿ, ಅದೇನು ಖಾಲಿ ರಸ್ತೆ ಏನು, 2025ರಾಗ 2 ಲಕ್ಷಕ್ಕಿಂತ ಹೆಚ್ಚು ಮಂದಿ ಬರದಾರ. ಅಲ್ಲೀ ಪಾಳಿ ಬಿಟ್ಟು ಇಲ್ಲೀ ಪಾಳಿಗೆ ಬಂದು ನಿಂದರ್ತಿ ಅಷ್ಟ. ಆದ್ರೂ ಇಲ್ಲೀ ಪಾಳಿಯಾಗ ನಿಂತ್ರ ಮನಿ ಊಟಾ ಸಿಗ್ತದ, ನಿಮ್ಮಪ್ಪನ ಸಾಲದ ಬಡ್ಡಿನೂ ಒಂದೀಟು ಮುಟ್ಟಿಸಬೋದು. ಬ್ಯಾರೆ ಏನೂ ಬ್ಯಾಡ, ನಾಳೆನೇ ಹತ್ತರದ ದವಾಖಾನ್ಯಾಗ ಕೆಲಸಕ್ಕ ಹೋಗು, ಮನ್ಯಾಗ ಕುಂತು ಫೋನ್ ನೋಡಬ್ಯಾಡ.
ನಿವೃತ್ತ ಡಾಕ್ಟರ್, ಧಾರವಾಡ ಜಿಲ್ಲೆ

ಒಂದೇ ಮಾತು. ಇಂಥಾ ಟೈಮಲ್ಲೇ ಏಜೆಂಟ್‌ಗಳು ಬರೋದು. ನನ್ನ ತಮ್ಮನ ಹತ್ರ ಒಬ್ಬ, ಅಟ್ಯಾಚ್‌ಮೆಂಟ್ ಕೊಡ್ಸಿ ಆಮೇಲೆ ಅದೇ ಆಸ್ಪತ್ರೇಲಿ ಕೆಲಸ ಗ್ಯಾರಂಟಿ ಅಂತ ಹೇಳಿ ಒಂದೂವರೆ ಲಕ್ಷ ತಗೊಂಡು ಫೋನ್ ಸ್ವಿಚ್ ಆಫ್ ಮಾಡ್ದ. ಕ್ಲಿನಿಕಲ್ ಅಟ್ಯಾಚ್‌ಮೆಂಟ್ ಅಂದ್ರೆ ವಾರ್ಡಲ್ಲಿ ಹಿಂದೆ ನಿಂತು ನೋಡೋದು, ರೋಗಿ ಮೈ ಮುಟ್ಟಿ ಚಿಕಿತ್ಸೆ ಮಾಡಂಗಿಲ್ಲ, ಸಂಬಳ ಇಲ್ಲ, ಅದು ಕೆಲಸದ ಅನುಭವ ಅಂತ ಲೆಕ್ಕಕ್ಕೂ ಬರಲ್ಲ. ಒಬ್ಬ ಕನ್ಸಲ್ಟೆಂಟ್ ಪರಿಚಯ ಆಗಿ ರೆಫರೆನ್ಸ್ ಸಿಕ್ಕಿದ್ರೆ ಅದೇ ಲಾಭ. ಕೆಲಸ ಕೊಡ್ಸೋಕೆ ಅಭ್ಯರ್ಥಿ ಹತ್ರ ಏಜೆನ್ಸಿ ದುಡ್ಡು ಕೇಳಂಗಿಲ್ಲ ಅಂತ ಅಲ್ಲಿನ ನೇಮಕಾತಿ ನಿಯಮದಲ್ಲೇ ಇದೆ. ಕೇಳ್ದ ಅಂದ್ರೆ ಕಟ್ ಮಾಡಿ.
ಓದುಗ, ತುಮಕೂರು

ಮೇಡಂ, ನಾನು ನಿಮ್ಮ ಜಾಗದಲ್ಲೇ ಇದ್ದೆ, ಹೋದ ವರ್ಷ ಬಿಟ್ಟೆ. ಬಿಟ್ಟ ದಿನ ಏನೂ ಆಗ್ಲಿಲ್ಲ, ಮೂರು ವಾರ ಆದ್ಮೇಲೆ ಮ್ಯಾಂಚೆಸ್ಟರ್‌ನ ಹಾರ್ಡ್‌ಮನ್ ಸ್ಟ್ರೀಟ್ ಫೋಟೋ ಫೋನಲ್ಲಿ ಸಿಕ್ಕಾಗ ಅತ್ಬಿಟ್ಟೆ. ಪ್ಲಾಬ್ ಎರಡನೇ ಭಾಗದ ದಿನ ಆ ಬಿಲ್ಡಿಂಗ್ ಎದುರು ಟೈ ಹಾಕ್ಕೊಂಡು ನಡುಗ್ತಾ ತೆಗೆಸ್ಕೊಂಡಿದ್ದು. ಈಗ ಇಲ್ಲೇ ಡಿಎನ್‌ಬಿ (ಇದೂ ಪಿಜಿ ಥರಾನೇ) ಫ್ಯಾಮಿಲಿ ಮೆಡಿಸಿನ್ ಮಾಡ್ತಿದೀನಿ, ನಾನು ಬಯಸಿದ ಬ್ರಾಂಚ್ ಅಲ್ಲ, ಆದ್ರೆ ಕೆಲಸ ಇದೆ. ಪ್ಲಾಬ್‌ಗೆ ಬಾಯಿಪಾಠ ಮಾಡಿದ್ದು ಇನ್ನೂ ಹೋಗಿಲ್ಲ. ರೋಗಿಗೆ ತನ್ನ ಕಾಯಿಲೆ ಬಗ್ಗೆ ಏನನ್ಸತ್ತೆ ಅಂತ ಕೇಳ್ಬೇಕು ಅಂತ ಕಲಿಸಿದ್ರಲ್ಲ, ಒಪಿಡಿಲಿ ಒಬ್ಬ ಅಜ್ಜಿಗೆ, ನಿಮಗೆ ಇದು ಏನಿರ್ಬೋದು ಅನ್ಸತ್ತೆ ಅಂತ ವಿನಯವಾಗಿ ಕೇಳ್ದೆ. ಅಜ್ಜಿ ನನ್ನ ಮೇಲಿಂದ ಕೆಳಗೆ ನೋಡಿ, ನಂಗೆ ಗೊತ್ತಿದ್ರೆ ನಿನ್ ತಾವ ಯಾಕಪ್ಪಾ ಬರ್ತಿದ್ದೆ, ಬೇರೆ ಡಾಕ್ಟ್ರು ಇಲ್ವಾ ಅಂದ್ಲು.

ಅಮ್ಮ ಗಂಡು ನೋಡೋ ವಿಷಯಕ್ಕೆ ಯಾರೂ ಏನೂ ಹೇಳಲ್ಲ ಅಂತ ಗೊತ್ತು, ನಾನೂ ಹೇಳಲ್ಲ, ಅದು ಕೆಲಸದ ಜೊತೆ ತಗ್ಲಾಕೋ ವಿಷಯ ಅಲ್ಲ ಅಂತ ಮಾತ್ರ ಅಮ್ಮಂಗೆ ಹೇಳಿ. ನೀಟ್ ಪಿಜಿ ಬರೆಯೋದೇ ಆದ್ರೆ ನನ್ನ ನೋಟ್ಸ್ ಇದೆ, ಗೀಚಿರೋದೇ ಜಾಸ್ತಿ, ಮೆಡಿಸಿನ್ ಮಾತ್ರ ನೀಟಾಗಿದೆ. ಬೇಕಿದ್ರೆ ಸಂಪಾದಕರಿಗೆ ಒಂದು ಸಾಲು ಬರೀರಿ, ಕಳಿಸ್ತೀನಿ, ವಾಪಸ್ ಬೇಡ.
ಕೆ., ಶಿವಮೊಗ್ಗ